ಲಿಂಕಿನ್ ಪಾರ್ಕ್: ಎಂಟು ಆಲ್ಬಮ್‌ಗಳಲ್ಲಿ ಸದ್ದು ಯಾಕೆ ಇಷ್ಟು ಬದಲಾಯಿತು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ನಮ್ಮ ಹಾಸ್ಟೆಲ್ ರೂಮಿನಲ್ಲಿ ಅಮೆರಿಕದ ರಾಕ್ ಬ್ಯಾಂಡ್ ಲಿಂಕಿನ್ ಪಾರ್ಕ್‌ನ ಮೊದಲ ಎರಡು ಆಲ್ಬಮ್ ಬಿಟ್ಟರೆ ಬೇರೇನೂ ಓಡುತ್ತಿರಲಿಲ್ಲ. ಆಮೇಲೆ ಕೆಲಸ, ಮನೆ ಅಂತ ಕೇಳುವುದೇ ಬಿಟ್ಟುಹೋಯಿತು. ಈಚೆಗೆ ಮಗಳು ಅವರ ಹೊಸ ಹಾಡು ಹಾಕಿದ್ದಳು. ಅದೇ ನೆಪದಲ್ಲಿ ಎಲ್ಲ ಆಲ್ಬಮ್‌ಗಳನ್ನೂ ಸಾಲಾಗಿ ಕೇಳಿದೆ. 2000ದ ಬ್ಯಾಂಡು, 2010ರ ಬ್ಯಾಂಡು, 2017ರ ಬ್ಯಾಂಡು ಒಂದೇ ಅಂತ ಅನಿಸಲೇ ಇಲ್ಲ. ಯಾಕೆ ಹೀಗೆ ಬದಲಾದರು? ಜಾಸ್ತಿ ಮಾರಾಟವಾಗಲಿ ಅಂತಲಾ? ನಾನು ಮತ್ತೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಮಾರಾಟದ ಮಾತನ್ನು ಮೊದಲು ಮುಗಿಸಿಬಿಡೋಣ. ಇವರ ಮೊದಲ ಆಲ್ಬಮ್ 'ಹೈಬ್ರಿಡ್ ಥಿಯರಿ' ಬಂದದ್ದು 2000ದ ಅಕ್ಟೋಬರ್‌ನಲ್ಲಿ. 2001ರಲ್ಲಿ ಅಮೆರಿಕದಲ್ಲಿ ಅದಕ್ಕಿಂತ ಜಾಸ್ತಿ ಮಾರಾಟವಾದ ಆಲ್ಬಮ್ ಇನ್ನೊಂದಿಲ್ಲ. ಆ ದೇಶವೊಂದರಲ್ಲೇ ಅದಕ್ಕೆ 12 ಪ್ಲಾಟಿನಂ ಸಿಕ್ಕಿದೆ, ಅಂದರೆ ಒಂದು ಕೋಟಿ ಇಪ್ಪತ್ತು ಲಕ್ಷ ಪ್ರತಿಗಳ ಲೆಕ್ಕ. ದುಡ್ಡೇ ಗುರಿಯಾಗಿದ್ದರೆ ದಾರಿ ಬಹಳ ಸುಲಭವಿತ್ತು. ಅದೇ ಅಳತೆಯ ಹಾಡುಗಳನ್ನು ಇನ್ನೂ ಹತ್ತು ವರ್ಷ ಮಾಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮೂರನೇ ಆಲ್ಬಮ್‌ನಿಂದ ಪ್ರತಿ ಸಲವೂ ಒಂದಷ್ಟು ಹಳೆಯ ಅಭಿಮಾನಿಗಳು ಕೋಪ ಮಾಡಿಕೊಂಡರು. ಗೊತ್ತಿದ್ದೂ ಇವರು ಮತ್ತೆ ಬದಲಾದರು.

ಯಾಕೆ ಅನ್ನುವುದಕ್ಕೆ ನನ್ನ ಉತ್ತರ ಇದು. ನಾವು ಹಾಸ್ಟೆಲ್‌ಗಳಲ್ಲಿ ಇವರನ್ನು ಗಿಟಾರ್ ಬ್ಯಾಂಡ್ ಅಂತ ಅಂದುಕೊಂಡು ಕೇಳಿದೆವು. ಆದರೆ ಇವರ ಮುಖ್ಯ ವಾದ್ಯ ಮೊದಲಿನಿಂದಲೂ ಕಂಪ್ಯೂಟರ್. ಸದ್ದನ್ನು ಹಿಡಿಯುವುದು, ಕತ್ತರಿಸುವುದು, ತಿರುಗಿಸುವುದು, ಇನ್ನೊಂದರ ಮೇಲೆ ಅಂಟಿಸುವುದು, ಇದೇ ಇವರ ಕಸುಬು. ಮೊದಲು ಕತ್ತರಿಗೆ ಸಿಕ್ಕಿದ್ದು ದಪ್ಪ ಗಿಟಾರ್. ಆಮೇಲೆ ಬೇರೆ ಬೇರೆ ವಸ್ತು ಸಿಕ್ಕಿತು. ನಾನು ಇಪ್ಪತ್ತು ವರ್ಷದಿಂದ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದೇನೆ. ಆ ಕಿವಿಯಿಂದ ಕೇಳಿದಾಗ ಎಂಟೂ ಆಲ್ಬಮ್‌ಗಳಲ್ಲಿ ಒಂದೇ ಕೈ ಕೆಲಸ ಮಾಡಿದ್ದು ಕಾಣುತ್ತದೆ.

ಆ ಕೈ ಮೈಕ್ ಶಿನೋಡಾ ಅವರದು. ಚಿಕ್ಕಂದಿನಲ್ಲಿ ಪಿಯಾನೋ ಕಲಿತವರು, ಆಮೇಲೆ ಕಾಲೇಜಿನಲ್ಲಿ ಓದಿದ್ದು ಚಿತ್ರಕಲೆ. 1996ರಲ್ಲಿ ಕ್ಯಾಲಿಫೋರ್ನಿಯಾದ ಅಗೋರಾ ಹಿಲ್ಸ್‌ನಲ್ಲಿ ಶಾಲಾ ಗೆಳೆಯರ ಜೊತೆ 'ಝೀರೋ' ಅನ್ನುವ ಹೆಸರಿನಲ್ಲಿ ಬ್ಯಾಂಡ್ ಕಟ್ಟಿದರು. ಮೊದಲ ರೆಕಾರ್ಡಿಂಗ್‌ಗಳು ಅವರ ಮಲಗುವ ಕೋಣೆಯಲ್ಲೇ ನಡೆದವು. ಗಿಟಾರ್‌ಗೆ ಬ್ರಾಡ್ ಡೆಲ್ಸನ್, ಡ್ರಮ್ಸ್‌ಗೆ ರಾಬ್ ಬೋರ್ಡನ್, ಬೇಸ್‌ಗೆ ಡೇವ್ ಫ್ಯಾರೆಲ್, ರೆಕಾರ್ಡ್ ತಟ್ಟೆ ತಿರುಗಿಸಿ ಸದ್ದು ತೆಗೆಯುವ ಟರ್ನ್‌ಟೇಬಲ್‌ಗೆ ಜೋ ಹಾನ್. 1999ರಲ್ಲಿ ಅರಿಜೋನಾದ ಫೀನಿಕ್ಸ್‌ನಿಂದ ಚೆಸ್ಟರ್ ಬೆನ್ನಿಂಗ್ಟನ್ ಗಾಯಕರಾಗಿ ಬಂದರು. ಬ್ಯಾಂಡ್ ಕಳಿಸಿದ ಟೇಪಿನ ಮೇಲೆ ಹಾಡಿ ಕಳಿಸಲು ತಮ್ಮದೇ ಹುಟ್ಟುಹಬ್ಬದ ಪಾರ್ಟಿ ಬಿಟ್ಟು ಸ್ಟುಡಿಯೋಗೆ ಹೋದವರು ಅವರು.

ಆಗ ಅಮೆರಿಕದಲ್ಲಿ ನೂ ಮೆಟಲ್‌ನ ಕಾಲ. ಮೆಟಲ್‌ನ ಭಾರವಾದ ಗಿಟಾರ್, ಹಿಪ್‌ಹಾಪ್‌ನ ತಾಳ, ಜೊತೆಗೆ ಟರ್ನ್‌ಟೇಬಲ್‌ನ ಕಿರಕಿರ. 1994ರಲ್ಲಿ ಕಾರ್ನ್ ಬ್ಯಾಂಡ್ ಏಳು ತಂತಿಯ ಗಿಟಾರ್ ಹಿಡಿದು ಇದಕ್ಕೆ ಬುನಾದಿ ಹಾಕಿತ್ತು. ಆ ಗುಂಪಿನ ಬ್ಯಾಂಡ್‌ಗಳ ಸದ್ದು ಒರಟು, ಕೆಸರು ಮೆತ್ತಿದ ಹಾಗೆ. 'ಹೈಬ್ರಿಡ್ ಥಿಯರಿ'ಯನ್ನು ಅವುಗಳ ಪಕ್ಕ ಇಟ್ಟು ಕೇಳಿ. ಎಷ್ಟು ಚೊಕ್ಕಟ ಅಲ್ವಾ? 12 ಹಾಡು, 38 ನಿಮಿಷದೊಳಗೆ ಮುಗಿಯುತ್ತದೆ. ಒಂದು ಕೆಟ್ಟ ಬೈಗುಳವಿಲ್ಲ. ಗಿಟಾರ್ ಒಂಟಿಯಾಗಿ ಮುಂದೆ ಬಂದು ನುಡಿಯುವ ಸೋಲೋ ಇಲ್ಲ. ಡೆಲ್ಸನ್ ಗಿಟಾರ್ ಇಟ್ಟಿಗೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ, ಚರಣ ಬಂದ ಕೂಡಲೇ ಕತ್ತರಿಸಿದ ಹಾಗೆ ಮಾಯವಾಗುತ್ತದೆ. ಆ ಖಾಲಿ ಜಾಗದಲ್ಲಿ ಸಣ್ಣ ಎಲೆಕ್ಟ್ರಾನಿಕ್ ತಾಳ, ಒಂದು ಪಿಯಾನೋ ಎಳೆ, ಶಿನೋಡಾ ಅವರ ರ‍್ಯಾಪ್. ಮತ್ತೆ ಪಲ್ಲವಿಗೆ ಗೋಡೆ ವಾಪಸ್. 'ಇನ್ ದಿ ಎಂಡ್' ನೆನಪಿಸಿಕೊಳ್ಳಿ. ಅದು ನೆನಪಾಗುವುದು ಗಿಟಾರಿನಿಂದಲ್ಲ, ಆ ಪಿಯಾನೋ ಸಾಲಿನಿಂದ. 'ಕ್ರಾಲಿಂಗ್' ಶುರುವಾಗುವುದೂ ಕೀಬೋರ್ಡಿನಿಂದಲೇ.

ಇನ್ನೊಂದು ವಿಷಯ ಎರಡು ದನಿಗಳದು. ಆ ಕಾಲದ ಬೇರೆ ಬ್ಯಾಂಡ್‌ಗಳಲ್ಲಿ ಒಬ್ಬನೇ ರ‍್ಯಾಪ್ ಮಾಡುತ್ತಿದ್ದ, ಅವನೇ ಕಿರುಚುತ್ತಿದ್ದ. ಇಲ್ಲಿ ಇಬ್ಬರು. ಒಬ್ಬರು ಮಾತಾಡುವ ಹಾಗೆ ಲೆಕ್ಕ ಒಪ್ಪಿಸುತ್ತಾರೆ, ಇನ್ನೊಬ್ಬರು ಅದೇ ನೋವನ್ನು ಗಂಟಲು ಹರಿಯುವ ಹಾಗೆ ಹಾಡುತ್ತಾರೆ. 'ಪೇಪರ್‌ಕಟ್' ಹಾಡಿನ ಕೊನೆಯಲ್ಲಿ ಎರಡೂ ದನಿ ಒಂದರ ಮೇಲೊಂದು ಬರುತ್ತವೆ. ಇಬ್ಬರು ಬೇರೆ ಬೇರೆ ಕಿಟಕಿಯಲ್ಲಿ ನಿಂತು ಒಂದೇ ಮನೆಯ ಬಗ್ಗೆ ಹೇಳಿದ ಹಾಗೆ. ಆ ಆಲ್ಬಮ್ ಮಾಡುವಾಗ ಶಿನೋಡಾ ಅವರ ರ‍್ಯಾಪನ್ನು ಬದಿಗೆ ಸರಿಸುವ ಒತ್ತಡ ಬಂದಿತ್ತು. ಆಗಷ್ಟೇ ಸೇರಿದ್ದ ಚೆಸ್ಟರ್ ಅದಕ್ಕೆ ಒಪ್ಪಲಿಲ್ಲ. ಇವತ್ತು ನೋಡಿದರೆ ಬ್ಯಾಂಡನ್ನು ಉಳಿಸಿದ ನಿರ್ಧಾರ ಅದು.

2003ರ 'ಮೆಟಿಯೋರಾ' ಅದೇ ದಾರಿಯ ಎರಡನೇ ಹೆಜ್ಜೆ. ನಿರ್ಮಾಪಕರು, ಅಂದರೆ ಸ್ಟುಡಿಯೋದಲ್ಲಿ ಸದ್ದನ್ನು ರೂಪಿಸುವವರು, ಮೊದಲ ಆಲ್ಬಮ್ಮಿನವರೇ, ಡಾನ್ ಗಿಲ್ಮೋರ್. ಇದೂ 40 ನಿಮಿಷ ಮುಟ್ಟುವುದಿಲ್ಲ. ಹೊರಗಿನಿಂದ ಮೊದಲನೆಯದರ ತಮ್ಮನ ಹಾಗೆ ಕಂಡರೂ ಒಳಗೆ ಕೆಲಸ ಸೂಕ್ಷ್ಮವಾಗಿದೆ. 'ಸಮ್‌ವೇರ್ ಐ ಬಿಲಾಂಗ್' ಶುರುವಿನಲ್ಲಿ ಒಂದು ವಿಚಿತ್ರ ಸದ್ದು ಬರುತ್ತದಲ್ಲ, ಉಸಿರು ಹಿಂದಕ್ಕೆ ಎಳೆದುಕೊಂಡ ಹಾಗೆ? ಅದು ಚೆಸ್ಟರ್ ನುಡಿಸಿದ ಮಾಮೂಲಿ ಅಕೌಸ್ಟಿಕ್ ಗಿಟಾರ್. ಶಿನೋಡಾ ಅದನ್ನು ಉಲ್ಟಾ ತಿರುಗಿಸಿ, ತುಂಡು ಮಾಡಿ, ಹೊಸದಾಗಿ ಜೋಡಿಸಿದ್ದಾರೆ. ಅದೇ ಹಾಡಿನ ಪಲ್ಲವಿಯನ್ನು ಹತ್ತಾರು ಸಲ ಬರೆದು ಹರಿದು ಹಾಕಿದರಂತೆ. 'ನೋಬಡೀಸ್ ಲಿಸನಿಂಗ್'ನಲ್ಲಿ ಜಪಾನಿನ ಬಿದಿರಿನ ಕೊಳಲು ಶಕುಹಾಚಿ ಇದೆ. 'ಬ್ರೇಕಿಂಗ್ ದಿ ಹ್ಯಾಬಿಟ್'ನಲ್ಲಂತೂ ಭಾರದ ಗಿಟಾರೇ ಇಲ್ಲ, ರ‍್ಯಾಪೂ ಇಲ್ಲ. ಪಿಟೀಲುಗಳು, ಓಡುವ ತಾಳ, ಚೆಸ್ಟರ್ ಒಬ್ಬರ ದನಿ. ಆಗ ನಮ್ಮ ಗೆಳೆಯರ ಗುಂಪಿನಲ್ಲಿ ಎಲ್ಲರಿಗೂ ಇಷ್ಟವಾದ ಹಾಡು ಅದು. 2010ರ ಬ್ಯಾಂಡು ಅಲ್ಲೇ ಬಾಗಿಲು ತಟ್ಟುತ್ತಿತ್ತು, ನಮಗೆ ಕೇಳಿಸಲಿಲ್ಲ.

ನಡುವೆ 2002ರಲ್ಲಿ 'ರೀಅನಿಮೇಷನ್' ಅಂತ ಮೊದಲ ಆಲ್ಬಮ್ಮಿನ ಹಾಡುಗಳನ್ನೇ ಬಿಚ್ಚಿ ಬೇರೆ ಕಲಾವಿದರ ಜೊತೆ ಮತ್ತೆ ಕಟ್ಟಿದರು. 2004ರಲ್ಲಿ ರ‍್ಯಾಪರ್ ಜೇ ಝೀ ಜೊತೆ 'ಕೊಲಿಷನ್ ಕೋರ್ಸ್' ಮಾಡಿದರು. ಇವನ್ನು ಸಣ್ಣಪುಟ್ಟ ಕೆಲಸ ಅಂತ ಬಿಡಬೇಡಿ. ಸ್ವಂತ ಹಾಡನ್ನೇ ಕತ್ತರಿಗೆ ಕೊಡಲು ಹಿಂಜರಿಯದ ಜನ ಇವರು ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

2007ರ 'ಮಿನಿಟ್ಸ್ ಟು ಮಿಡ್‌ನೈಟ್' ಮೊದಲ ದೊಡ್ಡ ತಿರುವು. ರಿಕ್ ರೂಬಿನ್ ಬಂದರು, ಶಿನೋಡಾ ಜೊತೆ ಸೇರಿ ನಿರ್ಮಿಸಿದರು. ರೂಬಿನ್ ಹಿಪ್‌ಹಾಪ್‌ನಲ್ಲೂ ಮೆಟಲ್‌ನಲ್ಲೂ ಕೆಲಸ ಮಾಡಿದವರು, ಅಮೆರಿಕದ ಹಿರಿಯ ಗಾಯಕ ಜಾನಿ ಕ್ಯಾಶ್ ಅವರ ಕೊನೆಗಾಲದ ಆಲ್ಬಮ್‌ಗಳನ್ನು ಮಾಡಿದವರು. ಹಳೆಯ ಸೂತ್ರವನ್ನು ಬೇಕೆಂದೇ ಬಿಟ್ಟರು. ಶಿನೋಡಾ ರ‍್ಯಾಪ್ ಎರಡೇ ಹಾಡಿನಲ್ಲಿ. ಇಲ್ಲಿಯವರೆಗೆ ಇರದಿದ್ದ ಗಿಟಾರ್ ಸೋಲೋ ಬಂತು. ಬೈಗುಳವೂ ಬಂತು. ಕತ್ರಿನಾ ಚಂಡಮಾರುತದ ಬಗ್ಗೆ ಆರು ನಿಮಿಷ ಮೀರಿದ ಹಾಡು ಬಂತು. ಬೋರ್ಡನ್ ಡ್ರಮ್ಸ್ ಕೋಣೆಯಲ್ಲಿ ಬಾರಿಸಿದ ಹಾಗೆ ಕೇಳಿಸುತ್ತದೆ, ಸುತ್ತ ಗಾಳಿ ಇದೆ. 'ಗಿವನ್ ಅಪ್' ಹಾಡಿನಲ್ಲಿ ಚೆಸ್ಟರ್ ಒಂದೇ ಉಸಿರಿಗೆ 17 ಸೆಕೆಂಡ್ ಕಿರುಚುತ್ತಾರೆ. ನನ್ನ ಕಿವಿಗೆ ಇದು ಇನ್ನೂ ಪೂರ್ತಿ ಬೇಯದ ಆಲ್ಬಮ್. ಕೆಲವು ನಿಧಾನದ ಹಾಡುಗಳಲ್ಲಿ ಆ ಕಾಲದ ದೊಡ್ಡ ರಾಕ್ ಬ್ಯಾಂಡ್‌ಗಳ ನೆರಳು ಜಾಸ್ತಿ. ಆದರೆ ಬೇಡವಾದದ್ದನ್ನು ಬಿಡುವ ಧೈರ್ಯ ಇವರಿಗೆ ಇಲ್ಲೇ ಬಂದದ್ದು.

ಈಗ ನೀವು ಗೊಂದಲಪಟ್ಟ 2010ರ ಆಲ್ಬಮ್, 'ಎ ಥೌಸಂಡ್ ಸನ್ಸ್'. ಇದರ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಯಾಕೆಂದರೆ ಇದೇ ಇವರ ಅತ್ಯುತ್ತಮ ಕೆಲಸ ಅಂತ ನಾನು ನಂಬಿದ್ದೇನೆ.

ಹೆಸರೇ ನಮಗೆ ಹತ್ತಿರದ್ದು. ಭಗವದ್ಗೀತೆಯ 11ನೇ ಅಧ್ಯಾಯ, ವಿಶ್ವರೂಪ ದರ್ಶನ. ಆಕಾಶದಲ್ಲಿ ಸಾವಿರ ಸೂರ್ಯರು ಒಟ್ಟಿಗೇ ಹುಟ್ಟಿದರೆ ಎಂಥ ಬೆಳಕೋ ಅಂಥದ್ದು ಅನ್ನುವ ಮಾತು ಅಲ್ಲಿ ಬರುತ್ತದೆ. ಅಣುಬಾಂಬ್ ಕಟ್ಟಿದ ವಿಜ್ಞಾನಿ ರಾಬರ್ಟ್ ಓಪನ್‌ಹೈಮರ್ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಕಲಿತು ಗೀತೆ ಓದಿದ್ದರು. ಮೊದಲ ಬಾಂಬ್ ಪರೀಕ್ಷೆ ನಡೆದದ್ದು 1945ರ ಜುಲೈನಲ್ಲಿ, ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ. ಅದನ್ನು ನೆನೆದು ಅವರು 1965ರಲ್ಲಿ ಟೀವಿಯಲ್ಲಿ ಆಡಿದ ಮಾತು ಪ್ರಸಿದ್ಧ. ಅದೇ ಅಧ್ಯಾಯದ 'ಕಾಲೋಽಸ್ಮಿ' ಅನ್ನುವ ಮಾತನ್ನು ಅವರು 'ನಾನೀಗ ಮೃತ್ಯುವಾಗಿದ್ದೇನೆ' ಅಂತ ಹೇಳುತ್ತಾರೆ. ಕಾಲ ಅನ್ನುವುದು ಅವರ ಬಾಯಲ್ಲಿ ಸಾವಾಯಿತು. ಆ ನಡುಗುವ ದನಿಯ ರೆಕಾರ್ಡಿಂಗೇ ಈ ಆಲ್ಬಮ್ಮಿನ ಎರಡನೇ ತುಣುಕು, 'ದಿ ರೇಡಿಯನ್ಸ್'. ಒಂದು ನಿಮಿಷವೂ ಇಲ್ಲ. ರಾತ್ರಿ ದೀಪ ಆರಿಸಿ ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಇಡೀ ಆಲ್ಬಮ್ ಒಂದೇ ಉದ್ದ ಹಾಡಿನ ಹಾಗೆ ಕಟ್ಟಿದ್ದಾರೆ. 15 ತುಣುಕು, ನಡುವೆ ಬಿಡುವೇ ಇಲ್ಲ ಅನ್ನುವ ಹಾಗೆ ಒಂದರಿಂದ ಒಂದಕ್ಕೆ ಹರಿಯುತ್ತದೆ. ಮೊದಲನೆಯ 'ದಿ ರಿಕ್ವಿಯಮ್'ನಲ್ಲಿ ಮೆಲ್ಲಗೆ ಕೇಳಿಸಿದ ಸಾಲುಗಳೇ ಕೊನೆಗೆ 'ದಿ ಕ್ಯಾಟಲಿಸ್ಟ್'ನಲ್ಲಿ ಜಾತ್ರೆಯ ಗದ್ದಲವಾಗಿ ವಾಪಸ್ ಬರುತ್ತವೆ. ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣದ ತುಣುಕಿದೆ. ಬರ್ಕ್ಲಿಯ ವಿದ್ಯಾರ್ಥಿ ನಾಯಕ ಮಾರಿಯೋ ಸಾವಿಯೋ ಅವರ ಭಾಷಣವಿದೆ. 'ವೆನ್ ದೇ ಕಮ್ ಫಾರ್ ಮೀ'ನಲ್ಲಿ ಗಿಟಾರ್ ಜಾಗಕ್ಕೆ ಗುಂಪು ಡೋಲಿನ ಬಡಿತ ಬಂದಿದೆ. ನೀವು ಹುಡುಕುತ್ತಿದ್ದ ಭಾರ ಎಲ್ಲೂ ಹೋಗಿಲ್ಲ, ತಾಳಕ್ಕೆ ಇಳಿದಿದೆ.

'ಬ್ಲ್ಯಾಕೌಟ್' ಅನ್ನುವ ಹಾಡನ್ನು ಮಾತ್ರ ಬಿಡಬೇಡಿ. ಕೀಬೋರ್ಡ್ ಕುಣಿಯುತ್ತಿರುವಾಗಲೇ ಚೆಸ್ಟರ್ ಹಳೆಯ ಕಾಲದ ಹಾಗೆ ಕಿರುಚುತ್ತಾರೆ. ಮುಂದೆ ಆ ಕಿರುಚಾಟವನ್ನೇ ಯಂತ್ರಕ್ಕೆ ಹಾಕಿ ಚೂರುಚೂರು ಮಾಡಿ, ಆ ಚೂರುಗಳನ್ನೇ ತಾಳವಾಗಿ ಬಾರಿಸಿದ್ದಾರೆ. ಹತ್ತು ವರ್ಷ ಜಗತ್ತಿಗೆ ಗೊತ್ತಿದ್ದ ಅವರ ಅತಿ ದೊಡ್ಡ ಆಸ್ತಿ ಆ ಕೂಗು. ಅದನ್ನೂ ಮೇಜಿನ ಮೇಲಿಟ್ಟು ಕತ್ತರಿಸಿದರು. ನಾನು ಈ ಬ್ಯಾಂಡಿನ ಬಗ್ಗೆ ಹೇಳಬೇಕೆಂದಿರುವುದೆಲ್ಲ ಆ ಒಂದೂವರೆ ನಿಮಿಷದಲ್ಲಿದೆ.

ಆಲ್ಬಮ್ ಬಂದಾಗ ಅಭಿಮಾನಿಗಳು ಎರಡು ಪಾಲಾದರು. ಗಿಟಾರ್ ಎಲ್ಲಿ ಅಂತ ಕೇಳಿದವರೇ ಜಾಸ್ತಿ. ಇವತ್ತು ಅದೇ ಆಲ್ಬಮ್ಮನ್ನು ಎದೆಗೆ ಒತ್ತಿಕೊಂಡವರನ್ನು ನಾನು ಬಹಳ ನೋಡಿದ್ದೇನೆ.

2012ರ 'ಲಿವಿಂಗ್ ಥಿಂಗ್ಸ್' ಒಂದು ರಾಜಿ. ಹೊಸ ಕೀಬೋರ್ಡ್ ಸದ್ದು, ಹಳೆಯ ಹಾಡಿನ ಅಳತೆ, ರ‍್ಯಾಪ್ ಮತ್ತೆ ಚರಣಕ್ಕೆ, ಚೆಸ್ಟರ್ ಮತ್ತೆ ಪಲ್ಲವಿಗೆ. 'ಲಾಸ್ಟ್ ಇನ್ ದಿ ಎಕೋ', 'ಕ್ಯಾಸಲ್ ಆಫ್ ಗ್ಲಾಸ್' ಎರಡೂ ಒಳ್ಳೆಯ ಹಾಡು. ಉಳಿದದ್ದು ಮನಸ್ಸಿನಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ.

2014ರ 'ದಿ ಹಂಟಿಂಗ್ ಪಾರ್ಟಿ' ಹೊತ್ತಿಗೆ ರೂಬಿನ್ ಇಲ್ಲ. ಶಿನೋಡಾ ಮತ್ತು ಡೆಲ್ಸನ್ ತಾವೇ ನಿರ್ಮಿಸಿದರು. ಮೆದುವಾಗಿ ಶುರುವಾಗಿದ್ದ ಕರಡುಗಳನ್ನು ಎಸೆದು, ತಾವು ಹದಿಹರೆಯದಲ್ಲಿ ಕೇಳಲು ಬಯಸುತ್ತಿದ್ದ ಸದ್ದಿನ ಕಡೆ ಹೋದರು. ಇದು ಗಿಟಾರ್ ಮತ್ತು ಡ್ರಮ್ಸ್‌ನ ಆಲ್ಬಮ್. ಆ ವೇಗಕ್ಕೆ ಬಾರಿಸಲು ಬೋರ್ಡನ್ ಮೈ ಪಳಗಿಸಿಕೊಳ್ಳಬೇಕಾಯಿತು. ಹೆಲ್ಮೆಟ್ ಬ್ಯಾಂಡಿನ ಪೇಜ್ ಹ್ಯಾಮಿಲ್ಟನ್, ಸಿಸ್ಟಮ್ ಆಫ್ ಎ ಡೌನ್‌ನ ಡ್ಯಾರನ್ ಮಲಾಕಿಯನ್, ರೇಜ್ ಅಗೇನ್ಸ್ಟ್ ದಿ ಮಷೀನ್‌ನ ಟಾಮ್ ಮೊರೆಲ್ಲೊ, ರ‍್ಯಾಪ್‌ನ ಹಿರಿಯ ರಕೀಮ್, ಎಲ್ಲರೂ ಒಂದೊಂದು ಹಾಡಿಗೆ ಬಂದಿದ್ದಾರೆ. ಹಳೆಯದಕ್ಕೆ ಹಿಂದಿರುಗಿದರು ಅಂತ ಆಗ ಬಹಳ ಮಂದಿ ಬರೆದರು. ನನಗೆ ಹಾಗೆ ಕೇಳಿಸುವುದಿಲ್ಲ. 'ಹೈಬ್ರಿಡ್ ಥಿಯರಿ'ಯ ಚೊಕ್ಕಟತನ ಇದರಲ್ಲಿ ಬೇಕೆಂದೇ ಇಲ್ಲ. ಅಂಚು ಹಾಗೇ ಬಿಟ್ಟಿದ್ದಾರೆ. ಬೇರೆ ಯಾವ ಆಲ್ಬಮ್‌ನಲ್ಲೂ ಇವರು ಇಷ್ಟು ಹಸಿಯಾಗಿ ನುಡಿಸಿಲ್ಲ. ನನ್ನ ಒಂದೇ ತಕರಾರು ಅಂದರೆ ಸದ್ದಿನ ಮಟ್ಟ ಮೊದಲಿನಿಂದ ಕೊನೆವರೆಗೆ ಮೇಲೇ ಇದೆ, ಅರ್ಧಕ್ಕೆ ಕಿವಿ ಸುಸ್ತಾಗುತ್ತದೆ.

2017ರ ಮೇ ತಿಂಗಳ 'ಒನ್ ಮೋರ್ ಲೈಟ್' ವಿಷಯಕ್ಕೆ ಬರೋಣ. ನಿಮಗೆ ತೀರಾ ಅಪರಿಚಿತ ಅನಿಸಿದ್ದು ಇದೇ ಇರಬೇಕು. 10 ಹಾಡು, 35 ನಿಮಿಷ. ಭಾರದ ಗಿಟಾರ್ ಹೆಚ್ಚೂಕಮ್ಮಿ ಇಲ್ಲ. ಕಿರುಚಾಟ ಇಲ್ಲ. ಇಲ್ಲಿ ಕೆಲಸದ ಕ್ರಮವನ್ನೇ ತಿರುವು ಹಾಕಿದರು. ಹಿಂದೆ ಸದ್ದು ಮೊದಲು, ಮಾತು ಆಮೇಲೆ. ಈ ಸಲ ಮಾತು ಮತ್ತು ರಾಗ ಮೊದಲು, ಸದ್ದು ಕೊನೆಗೆ. ಪಾಪ್ ಹಾಡು ಬರೆಯುವ ಜೂಲಿಯಾ ಮೈಕಲ್ಸ್, ಜಸ್ಟಿನ್ ಟ್ರಾಂಟರ್ ಅಂಥವರ ಜೊತೆ ಕೂತು ಬರೆದರು. ಸದ್ದಿನ ಮಟ್ಟಿಗೆ ಹೇಳುವುದಾದರೆ ಹಲವು ಹಾಡುಗಳಲ್ಲಿ ಆ ವರ್ಷದ ರೇಡಿಯೋ ಪಾಪ್‌ನ ಸಿದ್ಧ ಸಾಮಾನೇ ಇದೆ. ಕತ್ತರಿಸಿದ ದನಿಯ ಚೂರು ಅಲ್ಲಲ್ಲಿ ಬರುತ್ತದೆ, ಆದರೆ ಅದೇ ಚೂರು ಆಗ ಎಲ್ಲರ ಹಾಡಿನಲ್ಲೂ ಇತ್ತು. ತಾವೇ ಹುಟ್ಟಿಸಿದ ಸದ್ದಿನಿಂದ ಹೆಸರಾದವರು ಇಲ್ಲಿ ಸಿದ್ಧವಾಗಿದ್ದನ್ನು ಎತ್ತಿಕೊಂಡರು. ನನಗೆ ಬೇಸರ ಆದದ್ದು ಅದಕ್ಕೆ, ಮೆದುವಾಗಿದೆ ಅಂತಲ್ಲ.

ಆದರೆ ಅದರ ಶೀರ್ಷಿಕೆ ಹಾಡನ್ನು ಬೇರೆಯಾಗಿ ಕೇಳಿ. ರೆಕಾರ್ಡ್ ಕಂಪನಿಯಲ್ಲಿದ್ದ ಗೆಳತಿಯೊಬ್ಬರು ಕ್ಯಾನ್ಸರ್‌ನಿಂದ ತೀರಿಕೊಂಡಾಗ ಬರೆದ ಹಾಡು ಅದು. ತೆಳ್ಳಗಿನ ಗಿಟಾರ್, ದೂರದ ಕೀಬೋರ್ಡ್, ಪಿಸುಮಾತಿಗೆ ಹತ್ತಿರದ ಚೆಸ್ಟರ್ ದನಿ. 17 ಸೆಕೆಂಡ್ ಕಿರುಚಿದ ಅದೇ ಗಂಟಲು. ಆಲ್ಬಮ್ ಬಂದು ಎರಡು ತಿಂಗಳಿಗೆ, 2017ರ ಜುಲೈ 20ರಂದು, ಚೆಸ್ಟರ್ ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು. 41 ವರ್ಷ. ಆ ಎರಡು ತಿಂಗಳಲ್ಲಿ ಈ ಆಲ್ಬಮ್ಮಿಗೆ ಬಂದ ಬೈಗುಳಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಸದ್ದು ಇಷ್ಟವಾಗದಿರಬಹುದು. ಹಾಡಿದವರು ಸುಮ್ನೆ ಹಾಡಿರಲಿಲ್ಲ.

ಏಳು ವರ್ಷ ಹೊಸ ಆಲ್ಬಮ್ ಬರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಡೆಡ್ ಸಾರಾ ಬ್ಯಾಂಡಿನ ಎಮಿಲಿ ಆರ್ಮ್‌ಸ್ಟ್ರಾಂಗ್ ಗಾಯಕಿಯಾಗಿ ಸೇರಿದರು. ಬೋರ್ಡನ್ ಬಿಟ್ಟಿದ್ದರು, ಡ್ರಮ್ಸ್‌ಗೆ ಕಾಲಿನ್ ಬ್ರಿಟನ್ ಬಂದರು. ನವೆಂಬರ್‌ನಲ್ಲಿ 'ಫ್ರಮ್ ಝೀರೋ' ಬಂತು. ಹೆಸರಿನಲ್ಲಿ ಮೊದಲ ಬ್ಯಾಂಡ್ 'ಝೀರೋ'ನ ನೆನಪಿದೆ. ನಿಮ್ಮ ಮಗಳು ಹಾಕಿದ್ದು ಬಹುಶಃ ಇದರಲ್ಲಿನ ಹಾಡೇ ಇರಬೇಕು.

ಇಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದು ಸಣ್ಣ ಜಾಣತನ. ಮೊದಲು ಹೊರಬಂದ 'ದಿ ಎಂಪ್ಟಿನೆಸ್ ಮಷೀನ್' ಶುರುವಾಗುವುದು ಶಿನೋಡಾ ದನಿಯಿಂದ. ಮೊದಲ ಚರಣ, ಮೊದಲ ಪಲ್ಲವಿ ಅವರೇ ಹಾಡುತ್ತಾರೆ. ಎಮಿಲಿ ಬರುವುದು ಎರಡನೇ ಚರಣಕ್ಕೆ. ಮನೆಗೆ ಹೊಸಬರನ್ನು ಕರೆತಂದಾಗ ಹಿರಿಯರು ಮೊದಲು ಒಳಗೆ ಬಂದು ಆಮೇಲೆ ಕೈ ಹಿಡಿದು ಕರೆದ ಹಾಗೆ. ಚೆಸ್ಟರ್ ಅವರ ಹಾಗೆ ಹಾಡಿ ಅಂತ ಅವರಿಗೆ ಹೇಳಿದಂತೆ ಕೇಳಿಸುವುದಿಲ್ಲ. ಅವರ ದನಿಯಲ್ಲಿ ಬೇರೆ ತರದ ಒರಟುತನವಿದೆ. 'ಹೆವಿ ಈಸ್ ದಿ ಕ್ರೌನ್'ನ ಉದ್ದ ಕೂಗು ಕೇಳಿದರೆ ಗೊತ್ತಾಗುತ್ತದೆ. ಆಲ್ಬಮ್ಮಿನಲ್ಲಿ ಹಳೆಯ ಎಲ್ಲ ಕಾಲದ ತುಣುಕೂ ಇದೆ. 'ಟೂ ಫೇಸ್ಡ್' ನೇರವಾಗಿ 2003ರಿಂದ ಬಂದ ಹಾಗಿದೆ, ಟರ್ನ್‌ಟೇಬಲ್ ಸಮೇತ. ಈ ಸಲ ಕತ್ತರಿಗೆ ಸಿಕ್ಕಿದ್ದು ಅವರದೇ ಹಳೆಯ ಆಲ್ಬಮ್‌ಗಳು. ಹೊಸ ನೆಲ ತುಳಿದಿಲ್ಲ ಅನ್ನುವ ಕೊರಗು ನನಗಿದೆ. ಅದಕ್ಕೆ ಮುಂದಿನ ಆಲ್ಬಮ್‌ವರೆಗೆ ಕಾಯುತ್ತೇನೆ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಸಾಲಾಗಿ ಕೇಳಬೇಡಿ. ಸಾಲಾಗಿ ಕೇಳಿದಾಗ ಒಂದು ಆಲ್ಬಮ್‌ನಿಂದ ಇನ್ನೊಂದಕ್ಕೆ ಜಿಗಿತ ಮಾತ್ರ ಕಾಣುತ್ತದೆ. ಜೋಡಿ ಮಾಡಿ ಕೇಳಿ. ನಿಮಗೆ ಬಾಯಿಪಾಠ ಇರುವ 'ಬ್ರೇಕಿಂಗ್ ದಿ ಹ್ಯಾಬಿಟ್' ಹಾಕಿ, ಅದು ಮುಗಿದ ಕೂಡಲೇ 2010ರ 'ವೇಟಿಂಗ್ ಫಾರ್ ದಿ ಎಂಡ್' ಹಾಕಿ. 'ಸಮ್‌ವೇರ್ ಐ ಬಿಲಾಂಗ್' ಶುರುವಿನ ಆ ಉಲ್ಟಾ ಗಿಟಾರ್ ಕೇಳಿ, ಹಿಂದೆಯೇ 'ಬ್ಲ್ಯಾಕೌಟ್' ಕೇಳಿ. 'ಪೇಪರ್‌ಕಟ್' ಆದ ಮೇಲೆ 'ದಿ ಎಂಪ್ಟಿನೆಸ್ ಮಷೀನ್' ಹಾಕಿ, ಎರಡು ದನಿ ಹೇಗೆ ಜಾಗ ಹಂಚಿಕೊಳ್ಳುತ್ತವೆ ನೋಡಿ. ಫೋನಿನ ಸ್ಪೀಕರ್ ಬೇಡ, ಹೆಡ್‌ಫೋನ್ ಇರಲಿ. ಕೊನೆಯ ಜೋಡಿಯನ್ನು ಮಗಳ ಜೊತೆ ಕೂತು ಕೇಳಿ. ಅವಳಿಗೆ ಎರಡನೆಯದು ಗೊತ್ತು, ನಿಮಗೆ ಮೊದಲನೆಯದು ಗೊತ್ತು.